ಏಳೂವರೆಯ ಪಕ್ಕದ ಹದಿನೈದು

ಮೊನ್ನೆ ಮನೆಗೆ ಬಣ್ಣ ಹೊಡೆಸುವ ಸಲುವಾಗಿ ಅಟ್ಟದ ಸಾಮಾನನ್ನೆಲ್ಲ ಕೆಳಗಿಳಿಸಬೇಕಾಯಿತು. ಅಟ್ಟ ಅಂದರೆ ಗೊತ್ತಲ್ಲ, ಬಿಸಾಡಲು ಮನಸ್ಸು ಬಾರದ್ದೂ ಬಳಸಲು ಆಗದ್ದೂ ಒಟ್ಟಿಗೆ ಸಂಸಾರ ಮಾಡುವ ಜಾಗ. ಅಲ್ಲಿ ಕರೆಂಟು ಅಳೆಯುವ ನನ್ನ ಹಳೆಯ ಮಲ್ಟಿಮೀಟರಿನ ಪೆಟ್ಟಿಗೆ ಸಿಕ್ಕಿತು. ಮುಳ್ಳು ಮುರಿದು ಎಷ್ಟೋ ವರ್ಷವಾಗಿರುವ ಮೀಟರು. ಮುಚ್ಚಳ ತೆಗೆದರೆ ತಿಳಿ ಹಸಿರು ಬಣ್ಣದ ಒಂದು ಕಾರ್ಡು ಜಾರಿ ನೆಲಕ್ಕೆ ಬಿತ್ತು. ತಕ್ಷಣ ಬಗ್ಗಲು ಸೊಂಟ ಒಪ್ಪಲಿಲ್ಲವಾದ್ದರಿಂದ ನಿಂತಲ್ಲಿಂದಲೇ ಓದಿದೆ. ಹದಿಮೂರನೇ ರೋಜಾ, ಇಫ್ತಾರ್ 6-07.

"ಕನ್ನಡಕ ಟೀವಿ ಮೇಲಿದೆ. ಅದಿಲ್ದೆ ಏನ್ ಓದ್ತಾ ಇದೀರ?" ಎಂದು ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು. ಆಗಲೇ ನನಗೂ ಹೊಳೆದದ್ದು. ಮಾತ್ರೆ ಹಾಳೆಯ ಹಿಂದಿನ ತಾರೀಕು ಓದಲಾಗದೆ ಪಕ್ಕದ ಮನೆಯ ಹುಡುಗಿಯನ್ನು ಕರೆಯುವವನು ನಾನು. ಕರೆಂಟು ಬಿಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದಕ್ಕೂ ಮುಂದಕ್ಕೂ ಆಡಿಸಿ, ಕೊನೆಗೆ ಅಂದಾಜಿನ ಮೇಲೆ ಬೈಯುವವನು ನಾನು. ಅಂಥವನು ನೆಲದ ಮೇಲೆ ಬಿದ್ದಿದ್ದ ಕಾರ್ಡಿನ ಅಂಕಿಯನ್ನು ನಿಂತುಕೊಂಡೇ ಓದಿಬಿಟ್ಟಿದ್ದೆ.

ನಿಮಗೆ ಅನುಮಾನ ಬರುವ ಮೊದಲೇ ಹೇಳಿಬಿಡುತ್ತೇನೆ, ನಾನು ರೋಜಾ ಇಡುವವನಲ್ಲ. ನಮ್ಮ ಮನೆಯ ಏಕಾದಶಿಯ ಉಪವಾಸವನ್ನೇ ಬೆಳಿಗ್ಗೆ ಹತ್ತಕ್ಕೆ ಉಪ್ಪಿಟ್ಟಿನಿಂದ ಮುಗಿಸುವ ಕುಳ. ಆದರೂ ಆ ಕಾರ್ಡಿನ ಒಂದೊಂದು ಅಂಕಿಯನ್ನೂ ನಾನೇ ತಿದ್ದಿ ನೋಡಿದ್ದೆ. ಅದು ಹೇಗೆ ಎಂದು ಹೇಳುವ ಮೊದಲು ನಾನು ಯಾರು ಎಂದು ಹೇಳಬೇಕು.

ನಾನೊಬ್ಬ ಲೇಖಕ. ನಗಬೇಡಿ. ಮೋಟಾರಿನ ಸ್ಟಾರ್ಟರ್ ಕೊಂಡರೆ, ಮಿಕ್ಸಿ ಕೊಂಡರೆ, ಪೆಟ್ಟಿಗೆಯ ಅಡಿಯಲ್ಲಿ ನಾಲ್ಕು ಮಡಿಕೆಯಾಗಿ ಒಂದು ಹಾಳೆ ಮಲಗಿರುತ್ತದಲ್ಲ, ನೀವು ತೆಗೆದು ನೋಡದೆ ಪಕ್ಕಕ್ಕಿಟ್ಟು ಆಮೇಲೆ ಅದರಲ್ಲೇ ಕಡ್ಲೆಕಾಯಿ ಸಿಪ್ಪೆ ಸುತ್ತಿ ಎಸೆಯುತ್ತೀರಲ್ಲ, ಅಂಥ ಹಾಳೆಗಳನ್ನು ಬರೆಯುವುದೇ ನನ್ನ ಸಾಹಿತ್ಯ ಸೇವೆಯಾಗಿತ್ತು. ಮೂವತ್ತು ವರ್ಷ ಬರೆದೆ. ವಿಮರ್ಶೆ ಒಂದೇ ಒಂದು ಬಂತು. ಅದು ಮನೆಗೆ ಬರಲಿಲ್ಲ, ನೇರ ಫ್ಯಾಕ್ಟರಿಗೆ ಬಂತು.

ನಮ್ಮೂರು ಗುಬ್ಬಿಯಿಂದ ಆರೇಳು ಮೈಲಿ ಒಳಗೆ. ಅಂಕಿಗಳ ವಿಷಯದಲ್ಲಿ ನಾನು ಚಿಕ್ಕಂದಿನಿಂದಲೇ ಜಂಬದವನು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಯನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದೆ. ಎದುರಿಗಿದ್ದವರಿಗೆ ಅರ್ಥವಾಯಿತೋ ಇಲ್ಲವೋ ಎಂಬುದು ನನ್ನ ತಲೆನೋವಾಗಿರಲಿಲ್ಲ. ಮೇಷ್ಟ್ರು ಕೂಡ "ಭೇಷ್" ಅನ್ನುತ್ತಿದ್ದದ್ದು ವೇಗಕ್ಕೇ ಹೊರತು ಮತ್ತಾವುದಕ್ಕೂ ಅಲ್ಲ.

ನಮ್ಮಮ್ಮ ಇದಕ್ಕೆ ಪೂರ್ತಿ ತದ್ವಿರುದ್ಧ. ಆಕೆ ಬಸ್ಸಿನ ಬೋರ್ಡನ್ನಾಗಲಿ ನಂಬರನ್ನಾಗಲಿ ಓದುತ್ತಿರಲಿಲ್ಲ. ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ನಮ್ಮೂರ ಬಸ್ಸನ್ನು ಅದರ ಮುಂದಿನ ಗಾಜಿನ ಮೂಲೆಯ ಬಿರುಕು ನೋಡಿ ಹತ್ತುತ್ತಿದ್ದರು. ಒಂದು ಸಲ ಬಸ್ಸಿನವರು ಗಾಜು ಬದಲಾಯಿಸಿಬಿಟ್ಟರು. ಅಮ್ಮ ನನ್ನ ಕೈ ಹಿಡಿದುಕೊಂಡು, ಎದುರಿಗೇ ಬಂದು ನಿಂತ ನಮ್ಮ ಬಸ್ಸನ್ನು ನೋಡುತ್ತಾ ನೋಡುತ್ತಾ ಹೋಗಗೊಟ್ಟರು. "ಅಮ್ಮಾ, ಅದೇ ಕಣಮ್ಮಾ ನಮ್ ಬಸ್ಸು, ನಂಬರ್ ನೋಡು" ಎಂದು ನಾನು ಕುಣಿದೆ. "ನಂಬರ್ರು ಯಾರಿಗ್ ಕಾಣ್ತದೆ ಬುಡು, ಅಷ್ಟ್ ಸಣ್ಣಕ್ಕೆ ಬರ್ದವ್ರೆ" ಎಂದರು ಅಮ್ಮ. ಮುಂದಿನ ಬಸ್ಸಿಗೆ ಎರಡು ಗಂಟೆ ಕಾದೆವು. ಅಮ್ಮನಿಗೆ ಓದು ಬಾರದು ಎಂದು ಅವತ್ತು ನನಗೆ ನಾಚಿಕೆಯಾಯಿತು. ನಂಬರನ್ನು ಯಾಕೆ ಅಷ್ಟು ಸಣ್ಣಕ್ಕೆ ಬರೆದಿದ್ದಾರೆ ಎಂದು ಕೇಳಬೇಕೆಂದು ತಲೆಗೆ ಬರಲಿಲ್ಲ. ಅದು ತಲೆಗೆ ಬರಲು ಒಬ್ಬ ಗಿರಣಿ ಹೆಂಗಸು, ಒಬ್ಬ ಪ್ರೆಸ್ಸಿನ ಸಾಹೇಬರು ಮತ್ತು ಅವರ ತಾಯಿ ಬೇಕಾದರು.

ಡಿಪ್ಲೊಮಾ ಮುಗಿಸಿ ನಾನು ತುಮಕೂರಿಗೆ ಬಂದು ಉಪ್ಪಾರಹಳ್ಳಿಯಲ್ಲಿ ಒಂದು ರೂಮು ಹಿಡಿದೆ. ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ. ತೊಂಬತ್ತರ ದಶಕದ ಮಾತು. ಫ್ಯಾಕ್ಟರಿ ಎಂದು ಹೆಸರು, ಒಂದು ಶೀಟಿನ ಶೆಡ್ಡು, ಯಜಮಾನರೂ ಸೇರಿ ಏಳು ಜನ. ಮೋಟಾರುಗಳ ಸ್ಟಾರ್ಟರ್ ಜೋಡಿಸುತ್ತಿದ್ದೆವು. ನಾನು ಟೆಸ್ಟಿಂಗಿನವನು. ಒಂದು ದಿನ ಯಜಮಾನರು ಕರೆದು, "ನಿಂಗೆ ಕನ್ನಡ ಚೆನ್ನಾಗ್ ಬರ್ತದಲ್ಲ, ಪೆಟ್ಟಿಗೆ ಒಳಗಡೆ ಹಾಕೋಕೆ ಒಂದ್ ಹಾಳೆ ಬರ್ದ್‌ಬುಡು. ಎಲ್ಲಾ ಮಾಡೆಲ್ಲೂ ಒಂದೇ ಹಾಳೇಲಿ ಬರ್ಬೇಕು, ಪೇಪರ್ ದಂಡ ಆಗ್ಬಾರ್ದು" ಎಂದರು.

ಸರಿ, ನನ್ನೊಳಗಿನ ಮಗ್ಗಿ ಹುಡುಗ ಎದ್ದು ಕೂತ. ಒಂದು ಹಾಳೆಯಲ್ಲಿ ಇಪ್ಪತ್ತೆರಡು ಸಾಲು, ಪ್ರತಿ ಸಾಲಿಗೂ ನಾಲ್ಕು ಅಂಕಿ. ಮೊದಲು ಮೋಟಾರು ಎಷ್ಟು ಎಚ್‌ಪಿ, ಆಮೇಲೆ ಅದು ಎಷ್ಟು ಕಿಲೋವ್ಯಾಟ್, ಆಮೇಲೆ ರಿಲೇಯನ್ನು ಎಷ್ಟು ಆಂಪ್ಸಿಗೆ ಇಡಬೇಕು, ಕೊನೆಗೆ ಎಷ್ಟರ ಫ್ಯೂಸು. ರಿಲೇ ಅಂದರೆ ಸ್ಟಾರ್ಟರಿನೊಳಗೆ ಇರುವ ಕಾವಲುಗಾರ. ಮೋಟಾರು ಕೈಲಾಗದ ಭಾರ ಎಳೆಯತೊಡಗಿದರೆ ಟಕ್ ಎಂದು ಕರೆಂಟು ಕಡಿದು ಅದನ್ನು ಉಳಿಸುತ್ತದೆ. ಅದಕ್ಕೊಂದು ಪುಟ್ಟ ತಿರುಗಣೆ, ಸುತ್ತ ಅಂಕಿಗಳು. ಸ್ಕ್ರೂಡ್ರೈವರಿನಿಂದ ಸರಿಯಾದ ಅಂಕಿಗೆ ತಿರುಗಿಸಿಟ್ಟರೆ ಕಾವಲು. ಅದಕ್ಕಿಂತ ದೊಡ್ಡ ಅಂಕಿಗೆ ತಿರುಗಿಸಿಟ್ಟರೆ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ.

ಸಾಲುಗಳ ನಡುವೆ ಗೆರೆ ಹಾಕಿದರೆ ಜೈಲಿನ ಕಿಟಕಿಯ ಹಾಗೆ ಕಾಣುತ್ತದೆ ಎಂದು ನಾನು ಗೆರೆಗಳನ್ನೇ ಹಾಕಿಸಲಿಲ್ಲ. ಮುಂಬದಿಯಲ್ಲಿ ಜಾಗ ಸಾಲದೆ ಪಟ್ಟಿ ಹಿಂಬದಿಗೆ ಹರಿಯಿತು. ತಲೆಬರಹ ಮುಂಬದಿಯಲ್ಲಿ ಒಂದು ಸಲ ಇದೆಯಲ್ಲ, ಇನ್ನೊಂದು ಸಲ ಯಾಕೆ ಎಂದು ಅದನ್ನೂ ಬಿಟ್ಟೆ. ಯಜಮಾನರು ನೋಡಿ, "ಪರ್ವಾಗಿಲ್ವೇ, ಎಲ್ಲಾ ತುಂಬ್‌ಬುಟ್ಟಿದೀಯ" ಎಂದರು. ನಾನು ಆ ಹಾಳೆಯ ಒಂದು ಪ್ರತಿಯನ್ನು ಊರಿಗೂ ತೆಗೆದುಕೊಂಡು ಹೋಗಿ ಅಪ್ಪನಿಗೆ ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ಬಸ್ ಟೈಮಾ?" ಎಂದು ಕೇಳಿದರು. ನಾನು ಮುನಿಸಿಕೊಂಡೆ.

ಹಾಳೆ ಪೆಟ್ಟಿಗೆ ಸೇರಿ ನಾಲ್ಕೈದು ತಿಂಗಳಾಗಿತ್ತು. ಒಂದು ದಿನ ಮಧ್ಯಾಹ್ನ ಸುಮಾರು ನಲವತ್ತರ ಹೆಂಗಸೊಬ್ಬರು ಶೆಡ್ಡಿನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಕವರಿನಲ್ಲಿ ಜೋಪಾನವಾಗಿ ಮಡಿಸಿದ ನನ್ನ ಹಾಳೆ.

"ಇದು ಬರ್ದೋರು ಯಾರು?" ಎಂದು ಕೇಳಿದರು.

ನನ್ನನ್ನು ಹುಡುಕಿಕೊಂಡು ಒಬ್ಬ ಓದುಗರು ಬಂದದ್ದು ಅದೇ ಮೊದಲು. ನಾನು ಷರ್ಟು ಸರಿಮಾಡಿಕೊಂಡು ಮುಂದೆ ಬಂದೆ.

ಅವರ ಹೆಸರು ರತ್ನಮ್ಮ. ಕುಣಿಗಲ್ ಹತ್ತಿರದ ಹಳ್ಳಿಯಲ್ಲಿ ಹಿಟ್ಟಿನ ಗಿರಣಿ. ಗಂಡ ಬಸ್ ಕಂಡಕ್ಟರು, ವಾರಕ್ಕೊಮ್ಮೆ ಮನೆಗೆ ಬರುವವರು. ಗಿರಣಿ ನಡೆಸುವುದು ಇವರೇ, ಜೊತೆಗೆ ಮೈದುನ ಶಿವಣ್ಣ. ಹಳೆಯ ಸ್ಟಾರ್ಟರ್ ಕೆಟ್ಟಿದ್ದಕ್ಕೆ ನಮ್ಮದನ್ನು ಕೊಂಡಿದ್ದಾರೆ. ತಂತಿ ಸೇರಿಸಿಕೊಟ್ಟ ಎಲೆಕ್ಟ್ರಿಷಿಯನ್, "ರಿಲೇ ನಾಳೆ ಬಂದು ಇಡ್ತೀನಿ" ಎಂದು ಹೋದವನು ಎರಡು ದಿನವಾದರೂ ಬರಲಿಲ್ಲ. ರಾಗಿ ಹೊತ್ತು ಬಂದವರು ಸಾಲುಗಟ್ಟಿದ್ದಾರೆ. ರತ್ನಮ್ಮ ಎಸ್ಸೆಸ್ಸೆಲ್ಸಿ ಪಾಸು. ಪೆಟ್ಟಿಗೆಯೊಳಗಿನ ಹಾಳೆ ತೆಗೆದು ಮೊದಲಿಂದ ಕೊನೆಯವರೆಗೂ ಓದಿದ್ದಾರೆ. ಅವರಲ್ಲದೆ ಇನ್ನೊಬ್ಬರು ಅದನ್ನು ಹಾಗೆ ಓದಿರುವುದು ನನಗೆ ಇಂದಿಗೂ ತಿಳಿದಿಲ್ಲ. ಓದಿ, ಎಲ್ಲರ ಎದುರಿಗೆ ಸ್ಕ್ರೂಡ್ರೈವರ್ ಹಿಡಿದು ತಾವೇ ರಿಲೇ ತಿರುಗಿಸಿ ಗಿರಣಿ ಶುರು ಮಾಡಿದ್ದಾರೆ. ಮೂರು ವಾರ ಚೆನ್ನಾಗಿಯೇ ನಡೆಯಿತು. ಒಂದು ದಿನ ರಾಗಿಯ ಜೊತೆ ಒಂದು ಕಬ್ಬಿಣದ ತುಂಡು ಹೋಗಿ ಕಲ್ಲು ಹಿಡಿದುಕೊಂಡಿತು. ಮೋಟಾರು ಗುಂಯ್ ಎಂದಿತು. ರಿಲೇ ಕರೆಂಟು ಕಡಿಯಲಿಲ್ಲ. ಹೊಗೆ ಬಂತು.

"ಮೋಟ್ರು ಸುಟ್ಟಿದ್ಕೆ ಬಂದಿಲ್ಲ ಸಾ ನಾನು. ಅದನ್ನ ಆಗ್ಲೇ ವೈಂಡಿಂಗ್‌ಗೆ ಕೊಟ್ಟಾಯ್ತು" ಎಂದರು ರತ್ನಮ್ಮ. "ನಮ್ ಮೈದ್ನ ಸ್ಟಾರ್ಟರ್ ಡಬ್ಬಿಗೆ ಬೀಗ ಹಾಕವ್ನೆ. ಕೀ ಅವನ್ ಜೇಬಲ್ಲಿ. ಅತ್ಗೆ ಓದಿ ಮೋಟ್ರು ಸುಟ್ರು ಅಂತ ಊರೆಲ್ಲಾ ಹೇಳ್ಕಂಡ್ ಬಂದವ್ನೆ. ನನ್ ಗಿರಣಿ ಡಬ್ಬಿ ನಾನ್ ಮುಟ್ಟಂಗಿಲ್ಲ. ನಂಗೊಂದ್ ಮಾತು ಹೇಳಿ ಸಾಕು. ನಾನು ತಪ್ಪು ಓದಿದ್ನಾ, ನೀವು ತಪ್ಪು ಬರ್ದಿದ್ರಾ?"

ಯಜಮಾನರು ನಡುವೆ ಬಂದರು. "ಎಷ್ಟಕ್ ಇಟ್ಟಿದ್ರಮ್ಮಾ ರಿಲೇ?"

"ಹದಿನೈದು."

"ನಿಮ್ದು ಏಳೂವರೆ ಎಚ್‌ಪಿ ಮೋಟ್ರು. ಅದಕ್ಕೆ ಹನ್ನೊಂದು. ನೋಡಿ, ಹಾಳೇಲಿ ಹನ್ನೊಂದು ಅಂತ್ಲೇ ಇದೆ" ಎಂದು ಬೆರಳಿಟ್ಟು ತೋರಿಸಿದರು.

ರತ್ನಮ್ಮ ಬಗ್ಗಿ ನೋಡಿದರು. ಹನ್ನೊಂದು ಅಲ್ಲೇ ಇತ್ತು. "ನಾನು ಹದಿನೈದು ಅಂತ ಓದಿದ್ದೆ ಸಾ. ಇಲ್ಲೇ ಎಲ್ಲೋ ಇತ್ತು" ಎಂದು ಹುಡುಕತೊಡಗಿದರು. ಮೂರು ಜನ ತಲೆ ಮೇಲೆ ನಿಂತು ನೋಡುತ್ತಿದ್ದರೆ ಯಾರಿಗೆ ತಾನೇ ಏನು ಕಾಣುತ್ತದೆ? ಕೊನೆಗೆ ತಲೆ ಎತ್ತಿ ನನ್ನ ಮುಖ ನೋಡಿದರು.

ನಾನು ಹೇಳಿದ್ದು ಇಷ್ಟೇ: "ನಂಬರ್ ಎಲ್ಲಾ ಸರಿಯಾಗೇ ಇದೆ ಅಮ್ಮಾ."

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅವರು ಕೇಳಿದ್ದಕ್ಕೆ ಅದು ಉತ್ತರವೂ ಅಲ್ಲ. ರತ್ನಮ್ಮ ಹಾಳೆಯನ್ನು ಮತ್ತೆ ಅದೇ ಮಡಿಕೆಗಳಲ್ಲಿ ಮಡಿಸಿ, ಕವರಿನಲ್ಲಿಟ್ಟುಕೊಂಡು, "ಹಂಗಾದ್ರೆ ನಾನೇ ಬುಡಿ" ಎಂದು ಹೊರಟುಹೋದರು. ಒಂದು ಲೋಟ ನೀರು ಕೊಡಲೂ ನನಗೆ ತೋಚಲಿಲ್ಲ. ಇದನ್ನು ನೆನೆದರೆ ಈಗಲೂ ನನಗೆ ಮೈ ಮುದುಡುತ್ತದೆ.

ಅದಾಗಿ ಹತ್ತು ಹದಿನೈದು ದಿನಕ್ಕೆ ಹಾಳೆಗಳು ಮುಗಿದವು. ಅದೇ ಹಾಳೆಯನ್ನು ಇನ್ನೊಂದು ಸಾವಿರ ಅಚ್ಚು ಹಾಕಿಸಿಕೊಂಡು ಬಾ ಎಂದು ಯಜಮಾನರು ಕಳಿಸಿದರು. ಹಿಂದಿನ ಸಲ ಹಾಕಿಸಿದ್ದ ಪ್ರೆಸ್ಸಿನ ಮಷೀನು ಕೆಟ್ಟು ಕೂತಿತ್ತು. ಯಾರೋ ಹೇಳಿದ್ದರಿಂದ, ಪೇಟೆಯ ಒಂದು ಗಲ್ಲಿಯಲ್ಲಿದ್ದ ಖಲೀಲ್ ಸಾಹೇಬರ ಪ್ರೆಸ್ಸಿಗೆ ಹೋದೆ. ಅಚ್ಚುಮೊಳೆಗಳನ್ನು ಒಂದೊಂದೇ ಕೈಯಿಂದ ಜೋಡಿಸುವ ಹಳೆಯ ಕಾಲದ ಪ್ರೆಸ್ಸು. ಮುಂದುಗಡೆ ಪ್ರೆಸ್ಸು, ಹಿಂದುಗಡೆ ಮನೆ. ಮದುವೆ ಕಾರ್ಡು, ಅಂಗಡಿಯ ಚೀಟಿ, ತಿಥಿ ಪತ್ರಿಕೆ ಎಲ್ಲ ಅಲ್ಲೇ. ಸಾಹೇಬರಿಗೆ ಐವತ್ತೈದು ದಾಟಿತ್ತು. ಬೆರಳ ತುದಿಗಳು ಸದಾ ಕಪ್ಪು.

ನಾನು ಹೋದಾಗ ಅವರು ರಂಜಾನಿನ ಟೈಮ್ ಟೇಬಲ್ ಜೋಡಿಸುತ್ತಿದ್ದರು. ಉಪವಾಸದ ಮೂವತ್ತು ದಿನ, ದಿನವೂ ಬೆಳಗಿನ ಜಾವ ಸೆಹ್ರಿ ಊಟ ಎಷ್ಟಕ್ಕೆ ಮುಗಿಯಬೇಕು, ಸಂಜೆ ಇಫ್ತಾರಿಗೆ ಉಪವಾಸ ಎಷ್ಟಕ್ಕೆ ಬಿಡಬೇಕು ಎಂಬ ಪಟ್ಟಿ. ಅಂಗಡಿಯವರು ತಮ್ಮ ಹೆಸರು ಹಾಕಿಸಿ ಮನೆಮನೆಗೆ ಪುಕ್ಕಟೆ ಹಂಚುತ್ತಾರೆ. "ಕೂತ್ಕಳಪ್ಪಾ, ಇದೊಂದು ಮುಗಿಸ್ತೀನಿ" ಎಂದರು.

ಅವರು ಮುಗಿಸಿದ ರೀತಿಯನ್ನು ಹೇಳಬೇಕು. ಪ್ರೂಫ್ ಹಾಳೆ ತೆಗೆದು ಗೋಡೆಯ ಮೊಳೆಗೆ ಸಿಕ್ಕಿಸಿದರು. ಆಮೇಲೆ ಅಲ್ಲಿಂದ ಎಂಟು ಹೆಜ್ಜೆ ಎಣಿಸಿ ಒಂದು ಸ್ಟೂಲು ಇಟ್ಟರು. ಒಳಗೆ ತಿರುಗಿ "ಅಮ್ಮೀ" ಎಂದು ಕೂಗಿದರು. ಬೆನ್ನು ಬಾಗಿದ ಅವರ ತಾಯಿ ದುಪಟ್ಟಾಕ್ಕೆ ಕೈ ಒರೆಸಿಕೊಳ್ಳುತ್ತಾ ಬಂದು ಸ್ಟೂಲಿನ ಮೇಲೆ ಕೂತರು.

"ಹದಿಮೂರನೇ ರೋಜಾ, ಇಫ್ತಾರ್?" ಎಂದು ಕೇಳಿ ಸಾಹೇಬರು ಬೆರಳು ಮಡಿಸುತ್ತಾ ಎಣಿಸತೊಡಗಿದರು. ಎರಡನೇ ಬೆರಳು ಮಡಿಸುವಷ್ಟರಲ್ಲಿ ಅಮ್ಮಿ ಹೇಳಿಬಿಟ್ಟರು. "ಇಪ್ಪತ್ತೆರಡು, ಸೆಹ್ರಿ?" ಅದನ್ನೂ ಹೇಳಿದರು. ಐದಾರು ಪ್ರಶ್ನೆಯಾದ ಮೇಲೆ ಒಂದಕ್ಕೆ ಅಮ್ಮಿ ಕಣ್ಣು ಕಿರಿದು ಮಾಡಿ ತಡವರಿಸಿದರು. ಸಾಹೇಬರು ಎದ್ದುಹೋಗಿ, ಜೋಡಿಸಿದ್ದ ಚೌಕಟ್ಟು ಬಿಚ್ಚಿ, ಆ ಜಾಗದಲ್ಲಿ ಸಾಲುಗಳ ನಡುವೆ ತೆಳ್ಳಗಿನ ಒಂದು ಪಟ್ಟಿ ಸೇರಿಸಿದರು.

"ಅಮ್ಮಿಗೆ ಚೆನ್ನಾಗ್ ಓದೋಕೆ ಬರುತ್ತೆ" ಎಂದೆ ನಾನು, ಹೊಗಳುವ ಹಾಗೆ.

"ಎಲ್ಲಿ ಬರುತ್ತೆ? ಒಂದಕ್ಷರ ಬರಲ್ಲ. ಕನ್ನಡಾನೂ ಇಲ್ಲ, ಉರ್ದೂನೂ ಇಲ್ಲ. ಒಂದ್ರಿಂದ ಒಂಬತ್ತು, ಸೊನ್ನೆ, ಅಷ್ಟೇ" ಎಂದರು ಸಾಹೇಬರು. "ಅಡಿಗೆಮನೆ ಗೋಡೇಲಿ ಅಂಟಿಸ್ಕಂಡಿರ್ತಾರೆ ಇದನ್ನ. ಕೈಯೆಲ್ಲಾ ಹಿಟ್ಟಾಗಿರುತ್ತೆ, ಹತ್ರ ಬಂದು ಬೆರಳಿಟ್ಟು ನೋಡೋಕಾಗಲ್ಲ. ಅಲ್ಲೇ ಒಲೆ ಮುಂದೆ ನಿಂತು ತಲೆ ತಿರುಗಿಸ್ತಾರೆ, ಅಷ್ಟೇ. ಅಷ್ಟರಲ್ಲಿ ಸಿಗ್ಬೇಕು. ಒಂದ್ ಸಾಲು ಮೇಲೆ ಕೆಳಗೆ ಆಗಿ, ಹೊತ್ತಿಗೆ ಮುಂಚೆ ಖರ್ಜೂರ ಬಾಯಿಗಿಟ್ರೆ ಅವತ್ತಿನ ರೋಜಾ ಹೋಯ್ತು. ನಮ್ ಅಬ್ಬಾಜಾನ್ ಇದ್ದಾಗ ಒಂದ್ ವರ್ಷ ನಾನು ಸಾಲು ಬಿಗಿಯಾಗಿ ಜೋಡಿಸ್ಬಿಟ್ಟಿದ್ದೆ. ನಮ್ ಗಲ್ಲಿಲೇ ಒಬ್ಬ ಮುದುಕಿಗೆ ಹಂಗಾಯ್ತು. ಅಳ್ತಾ ಬಂದ್ಳು. ಟೈಮೆಲ್ಲಾ ಸರಿಯಾಗೇ ಇತ್ತು ಅಂತ ನಾನು ವಾದ ಮಾಡ್ದೆ. ಅಬ್ಬಾಜಾನ್ ಏನಂದ್ರು ಗೊತ್ತಾ? ಓದ್ದೋರದ್ದಲ್ಲ ತಪ್ಪು, ಜೋಡಿಸ್ದೋನ್ದು. ಅವಳು ಬದಲಿ ರೋಜಾ ಇಡುವಾಗ ನೀನೂ ಇಡು ಅಂದ್ರು. ಇಟ್ಟೆ."

ನನ್ನ ಬಾಯಿಂದ ಹದಿನೈದು ದಿನದ ಹಿಂದೆ ಬಂದ ಮಾತನ್ನೇ ಅವರ ಬಾಯಿಂದ ಕೇಳಿದ ಹಾಗಾಗಿತ್ತು.

ಆಮೇಲೆ ಸಾಹೇಬರು ನನ್ನ ಹಾಳೆ ಕೇಳಿದರು. ಕೊಟ್ಟೆ. ಮುಂಬದಿ ನೋಡಿದರು, ಹಿಂಬದಿ ನೋಡಿದರು. "ಇದೇನಪ್ಪಾ, ರಾಗಿ ಚೆಲ್ದಂಗೆ ಚೆಲ್ಲಿದೀಯ" ಎಂದರು. ನನಗೆ ಆಗ ಏನನ್ನಿಸಿತೋ, ರತ್ನಮ್ಮನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಬೀಗ ಹಾಕಿದ್ದನ್ನೂ ಹೇಳಿದೆ. ನಾನು ಕೊಟ್ಟ ಉತ್ತರವನ್ನು ಮಾತ್ರ ಸ್ವಲ್ಪ ಮೆಲ್ಲಗೆ ಹೇಳಿದೆ.

ಸಾಹೇಬರು ಹಾಳೆಯ ಹಿಂಬದಿಯನ್ನು ಮೇಲೆ ಮಾಡಿ ತಾಯಿಯ ತೊಡೆಯ ಮೇಲಿಟ್ಟರು. ಅಮ್ಮಿಗೆ ಅರ್ಧದ ಚುಕ್ಕಿ ಗೊತ್ತಿರಲಿಲ್ಲ. "ಏಳು, ಒಂದ್ ಚುಕ್ಕಿ, ಐದು. ಎಲ್ಲಿದೆ ಅಮ್ಮೀ?" ಎಂದು ಕೇಳಿದರು.

ಅಮ್ಮಿಯ ಬೆರಳು ಸ್ವಲ್ಪ ಹೊತ್ತು ಅಲೆದಾಡಿ ಒಂದು ಕಡೆ ಕೂತಿತು. "ಇಲ್ಲಿ."

"ಅದರ ಪಕ್ಕದಲ್ಲಿ ಏನಿದೆ?"

"ಹದಿನೈದು."

ನಾನು ಎದ್ದು ನಿಂತೆ. ಬಗ್ಗಿ ನೋಡಿದೆ. ಅಮ್ಮಿಯ ಬೆರಳಿದ್ದ ಸಾಲಿನಲ್ಲಿ ಬರೆದಿದ್ದದ್ದು ಹೀಗೆ: 5, ಆಮೇಲೆ 3.7, ಆಮೇಲೆ 7.5, ಆಮೇಲೆ 15. ಅದು ಐದು ಎಚ್‌ಪಿ ಮೋಟಾರಿನ ಸಾಲು. ಐದು ಎಚ್‌ಪಿಗೆ ರಿಲೇ ಏಳೂವರೆ ಆಂಪ್ಸು, ಫ್ಯೂಸು ಹದಿನೈದು. ರತ್ನಮ್ಮನಿಗೆ ಬೇಕಾಗಿದ್ದ ಏಳೂವರೆ ಎಚ್‌ಪಿಯ ಸಾಲು ಅದರ ಕೆಳಗಿತ್ತು. ಒಂದೇ ಹಾಳೆಯಲ್ಲಿ ಎರಡು ಏಳೂವರೆ. ಒಂದು ಎಚ್‌ಪಿ, ಒಂದು ಆಂಪ್ಸು. ಯಾವುದು ಯಾವುದು ಎಂದು ಹೇಳುವ ತಲೆಬರಹ ಇದ್ದದ್ದು ಹಾಳೆಯ ಇನ್ನೊಂದು ಮಗ್ಗುಲಲ್ಲಿ. ತಮ್ಮ ಮೋಟಾರಿನ ಏಳೂವರೆಯನ್ನು ಹುಡುಕುತ್ತಾ ಬಂದ ರತ್ನಮ್ಮನ ಕಣ್ಣಿಗೆ ಮೊದಲು ಸಿಕ್ಕಿದ ಏಳೂವರೆಯ ಪಕ್ಕದಲ್ಲಿ ಹದಿನೈದು ಇತ್ತು. ಅವರು ಅದನ್ನೇ ಓದಿದರು. ರಿಲೇಯ ತಿರುಗಣೆಯಲ್ಲೂ ಹದಿನೈದು ಇತ್ತು. ಇಟ್ಟರು.

ನೀವು ಯಾವತ್ತಾದರೂ ತುಂಬಾ ಜಂಬದಿಂದ ಮಾಡಿದ ಕೆಲಸ ಎದುರಿಗೇ ಮುರಿದು ಬಿದ್ದದ್ದನ್ನು ನೋಡಿದ್ದೀರಾ? ನನಗೆ ಕಿವಿಯೆಲ್ಲ ಬಿಸಿಯಾಯಿತು. ಅಮ್ಮಿ ಮಾತ್ರ ಏನೋ ಗೆದ್ದವರಂತೆ ನಗುತ್ತಾ, "ಸರಿ ಹೇಳ್ದ್ನಾ?" ಎಂದು ಕೇಳಿದರು. "ಸರಿಯಾಗೇ ಹೇಳಿದ್ರಿ ಅಮ್ಮಾ" ಎಂದೆ.

ಆವತ್ತು ಸಂಜೆಯವರೆಗೂ ಸಾಹೇಬರು ನನ್ನನ್ನು ಬಿಡಲಿಲ್ಲ. ಮೊದಲ ಪ್ರಶ್ನೆಯೇ ನನ್ನ ಬುಡ ಅಲ್ಲಾಡಿಸಿತು. "ಆಯಮ್ಮನಿಗೆ ಈ ಕಿಲೋವ್ಯಾಟು ಯಾಕೆ ಬೇಕು?" ಬೇಡ ಎಂದೆ. "ಮತ್ಯಾಕೆ ಕೂರಿಸಿದೀಯ? ಎಬ್ಬಿಸು." ಎಬ್ಬಿಸಿದೆವು. ಫ್ಯೂಸನ್ನು ಎಲೆಕ್ಟ್ರಿಷಿಯನ್ನಿಗೆಂದು ಬೇರೆ ಕಡೆಗೆ ಸಾಗಹಾಕಿದೆವು. ಇಪ್ಪತ್ತೆರಡು ಸಾಲಿನಲ್ಲಿ ನಾವು ನಿಜವಾಗಿ ಮಾರುತ್ತಿದ್ದದ್ದು ಒಂಬತ್ತು ಮಾಡೆಲ್ಲು. ಉಳಿದದ್ದು ನನ್ನ ಪಾಂಡಿತ್ಯ. ಅದೂ ಹೋಯಿತು. ಎಚ್‌ಪಿ ಅಂಕಿಯನ್ನು ದಪ್ಪ ಅಚ್ಚುಮೊಳೆಯಲ್ಲಿ ಜೋಡಿಸಿ, ಪ್ರತಿ ಅಂಕಿಯ ಪಕ್ಕದಲ್ಲೂ ಎಚ್‌ಪಿ, ಆಂಪ್ಸ್ ಎಂದು ಬರೆಸಿದರು. "ಪ್ರತಿ ಸಲಾನೂ ಬರೀಬೇಕಾ ಸಾಹೇಬ್ರೇ?" ಎಂದರೆ, "ನಿಮ್ ಮನೇಲಿ ಒಬ್ರಿಗೆ ಹೆಸರಿಟ್ಟು ಮಿಕ್ಕೋರ್ನ ಏನಂತ ಕೂಗ್ತೀರ?" ಎಂದು ಕೇಳಿದರು. ಮೂರು ಸಾಲಿಗೊಂದು ಗೆರೆ, ಗೆರೆಯ ಮೇಲೂ ಕೆಳಗೂ ಉಸಿರಾಡುವಷ್ಟು ಜಾಗ. "ಖಾಲಿ ಜಾಗಾನ ದಂಡ ಅನ್ಬೇಡ. ಮನೇಲಿ ಓಡಾಡೋಕೆ ಜಾಗ ಬಿಡಲ್ವಾ?"

ಪ್ರೂಫ್ ಗೋಡೆಗೇರಿತು. ಎಂಟು ಹೆಜ್ಜೆಯಾಚೆ ಅಮ್ಮಿ ಕೂತರು. ಏಳು, ಚುಕ್ಕಿ, ಐದು ಎಂದು ಸಾಹೇಬರು ಕೇಳಿ ಮೊದಲ ಬೆರಳು ಮಡಿಸುವ ಮೊದಲೇ "ಹನ್ನೊಂದು" ಎಂದರು.

ಇಲ್ಲಿಗೆ ನಾನು ಸ್ವಲ್ಪ ಮುಂದಕ್ಕೆ ಹಾರುತ್ತೇನೆ, ಕ್ಷಮಿಸಿ. ಎರಡು ಸಾವಿರದ ಆಚೆಗೆ ನಾನು ವಸಂತನರಸಾಪುರದ ದೊಡ್ಡ ಕಾರ್ಖಾನೆಯೊಂದಕ್ಕೆ ಸೇರಿದೆ. ಅಲ್ಲಿ ಕೈಪಿಡಿ ಬರೆಯುವುದಕ್ಕೇ ಒಂದು ರೂಮು, ಕಂಪ್ಯೂಟರು, ಎ.ಸಿ. ಎಲ್ಲ ಇತ್ತು. ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದವರು ನೂರಾರು ಅಂಕಿಗಳ ಪಟ್ಟಿಯನ್ನು ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡಿಬಿಡುತ್ತಿದ್ದರು. ನಾನು ಅದನ್ನು ಗೋಡೆಗಂಟಿಸಿ ಎಂಟು ಹೆಜ್ಜೆ ಎಣಿಸಿ ಕ್ಯಾಂಟೀನಿನ ಪಾರ್ವತಮ್ಮನನ್ನು ಕರೆಸುತ್ತಿದ್ದೆ. ಹಿಂದಿನಿಂದ ನಗುತ್ತಿದ್ದರು, ಗೊತ್ತು. "ಸಾರ್ ಕಣ್ ಡಾಕ್ಟ್ರು ಆಗ್ಬೇಕಿತ್ತು" ಎಂದು ಒಬ್ಬಳು ಅಂದದ್ದು ನನ್ನ ಕಿವಿಗೇ ಬಿದ್ದಿದೆ. ಆದರೆ ಪಾರ್ವತಮ್ಮ ತಡವರಿಸಿದ ಪಟ್ಟಿಯನ್ನು ನಾನು ಒಂದು ದಿನವೂ ಹೊರಗೆ ಬಿಟ್ಟವನಲ್ಲ. ನನ್ನ ಅನ್ನದ ತಟ್ಟೆಯ ಕೊನೆಯ ತುತ್ತಿನವರೆಗೂ ಆ ಗಲ್ಲಿಯ ಋಣವಿದೆ. ಖಲೀಲ್ ಸಾಹೇಬರಿಗೆ ಇದನ್ನು ಒಂದು ಸಲ ಹೇಳಿದ್ದಕ್ಕೆ, "ಋಣ ಅಂದ್ರೆ ಕೆಲಸ ಮಾಡು. ಈ ಸಲ ಟೈಮ್ ಟೇಬಲ್ ನೀನೇ ತಿದ್ದು. ನನ್ ಕಣ್ಣು ಮಂಜಾಗ್ತಾ ಇದೆ" ಎಂದರು. ಗುಬ್ಬಿಯ ಹಳ್ಳಿಯಿಂದ ಬಂದವನ ಕೈಗೆ ತಮ್ಮವರ ಮೂವತ್ತು ದಿನದ ಉಪವಾಸವನ್ನು ಕೊಟ್ಟರು. ಮೂರು ಸಲ ತಿದ್ದಿದೆ. ಅಟ್ಟದಿಂದ ಬಿದ್ದದ್ದು ಆ ಕಾರ್ಡು.

ಆದರೆ ನಿಮಗೆ ರತ್ನಮ್ಮನ ಬೀಗದ ಯೋಚನೆ ಇರುತ್ತದೆ. ನನಗೂ ಆವತ್ತು ಅದೇ ಯೋಚನೆ. ಹೊಸ ಹಾಳೆಯ ಪ್ರೂಫನ್ನೂ ಹಳೆಯ ಹಾಳೆಯನ್ನೂ ಒಟ್ಟಿಗೆ ಹಿಡಿದುಕೊಂಡು ಮುಂದಿನ ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಿದ್ದರು.

ಗಿರಣಿ ನಡೆಯುತ್ತಿತ್ತು. ರತ್ನಮ್ಮ ಸೆರಗು ತಲೆಗೆ ಸುತ್ತಿಕೊಂಡು ರಾಗಿ ಸುರಿಯುತ್ತಿದ್ದರು. ಹುಬ್ಬೆಲ್ಲ ಹಿಟ್ಟಾಗಿತ್ತು. ಗೋಡೆಯ ಮೇಲೆ ನಮ್ಮ ಸ್ಟಾರ್ಟರ್ ಡಬ್ಬಿ, ಆನ್ ಆಫ್ ಗುಂಡಿಗಳು ಹೊರಗೆ, ಮುಚ್ಚಳಕ್ಕೆ ಮಾತ್ರ ಸೈಕಲ್ಲಿಗೆ ಹಾಕುವಂಥ ಬೀಗ. ನಾಲ್ಕೈದು ಹೆಂಗಸರು ಚೀಲ ಇಟ್ಟುಕೊಂಡು ಕೂತಿದ್ದರು. ಶಿವಣ್ಣ ಬಾಗಿಲ ಬಳಿ ಕುರ್ಚಿಯಲ್ಲಿದ್ದ. ಒಳ್ಳೆಯ ಮನುಷ್ಯನೇ, ಆದರೆ ಗೆದ್ದವನ ಹಾಗೆ ಕೂತಿದ್ದ. ನಾನು ಯಾರೆಂದು ತಿಳಿದ ಮೇಲೆ, "ನಮ್ ಅತ್ಗೆ ಓದಿದ್ದು ನೀವ್ ಬರ್ದಿದ್ದಾ? ಚೆನ್ನಾಗ್ ಬರ್ದಿದೀರ ಬುಡಿ, ನಮ್ ಅತ್ಗೆ ಕಣ್ಣೇ ಸರಿ ಇಲ್ಲ" ಎಂದು ನಕ್ಕ.

ರತ್ನಮ್ಮ ಗಿರಣಿ ನಿಲ್ಲಿಸಿದರು.

ನಾನು ಹಳೆಯ ಹಾಳೆಯನ್ನು ಹಿಂಬದಿ ಮೇಲೆ ಮಾಡಿ ಶಿವಣ್ಣನ ಕೈಗೆ ಕೊಟ್ಟೆ. "ನಿಮ್ ಮೋಟ್ರು ಏಳೂವರೆ ಎಚ್‌ಪಿ ಅಲ್ವಾ ಶಿವಣ್ಣೋರೆ? ರಿಲೇ ಎಷ್ಟಕ್ಕೆ ಇಡ್ಬೇಕು, ನೀವ್ ಒಂದ್ ಸಲ ನೋಡಿ ಹೇಳಿ."

"ಅದೇನ್ ಮಹಾ" ಎಂದು ಅವನು ಹಾಳೆಯನ್ನು ಬೆಳಕಿಗೆ ಹಿಡಿದ. ಬೆರಳು ಮೇಲಿಂದ ಇಳಿಯಿತು. ನಿಂತಿತು. ಪಕ್ಕಕ್ಕೆ ಸರಿಯಿತು. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಏಳೂವರೆ. ಹದಿನೈದು."

ಚೀಲದ ಮೇಲೆ ಕೂತಿದ್ದ ಹೆಂಗಸೊಬ್ಬರು ಸಣ್ಣಗೆ ಕೆಮ್ಮಿದರು. ಶಿವಣ್ಣ ಇನ್ನೂ ನಗುತ್ತಲೇ ನನ್ನ ಮುಖ ನೋಡಿದ, ಆಮೇಲೆ ಅತ್ತಿಗೆಯ ಮುಖ ನೋಡಿದ. ನಗು ನಿಧಾನವಾಗಿ ಇಳಿಯಿತು. ಮತ್ತೊಮ್ಮೆ ಹಾಳೆ ನೋಡಿದ. ಆಗಲೂ ಅಲ್ಲಿ ಹದಿನೈದೇ ಇತ್ತು.

ನಾನು ರತ್ನಮ್ಮನ ಕಡೆ ತಿರುಗಿದೆ. ಬಸ್ಸಿನಲ್ಲಿ ಏನೇನೋ ಜೋಡಿಸಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯಿತು. "ಅವತ್ತು ನೀವ್ ಕೇಳಿದ್ರಲ್ಲ ಅಮ್ಮಾ" ಎಂದೆ. "ನೀವು ತಪ್ಪು ಓದಿರ್ಲಿಲ್ಲ. ನಾನೇ ತಪ್ಪು ಜೋಡ್ಸಿದ್ದೆ."

ರತ್ನಮ್ಮ ಹೊಸ ಹಾಳೆಯನ್ನು ತೆಗೆದುಕೊಳ್ಳಲಿಲ್ಲ. ಹಿಟ್ಟು ಮೆತ್ತಿದ ಬಲಗೈಯನ್ನು ಮೈದುನನ ಮುಂದೆ ಚಾಚಿ ನಿಂತರು. ಶಿವಣ್ಣ ಜೇಬಿಗೆ ಕೈಹಾಕಿ ಕೀ ತೆಗೆದು ಅದರ ಮೇಲಿಟ್ಟ.